ಎಸ್‌ಎಸ್‌ಎಚ್ ಸಂಪರ್ಕ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗುವುದಿಲ್ಲ: ಕಾರಣವೇನು?

ಪ್ರಶ್ನೆ:
ನಮಸ್ಕಾರ. ಬೇರೊಂದು ಕಟ್ಟಡದಲ್ಲಿರುವ ಲಿನಕ್ಸ್ ಸರ್ವರ್ ಅನ್ನು ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಮೂಲಕವೇ ನಿರ್ವಹಿಸುತ್ತಿದ್ದೇನೆ. ಯಂತ್ರ ಜಾಲದಲ್ಲಿ ಸಿಗುತ್ತಿದೆಯೇ ಎಂದು ನೋಡುವ ಪಿಂಗ್‌ಗೆ ಸದಾ ಉತ್ತರ ಬರುತ್ತದೆ, ಆದರೆ ಲಾಗಿನ್ ಆಗಲು ಹೋದಾಗ ಆಗಾಗ ‘ಕನೆಕ್ಷನ್ ರೆಫ್ಯೂಸ್ಡ್’ ಎಂಬ ಸಂದೇಶ ಕಾಣಿಸುತ್ತದೆ. ಎಲ್ಲಿಂದ ಪರಿಶೀಲಿಸಲಿ?

ಉತ್ತರ 1:
ಆ ಸಂದೇಶವೇ ಒಳ್ಳೆಯ ಸುಳಿವು. ಯಂತ್ರ ಆಫ್ ಆಗಿದ್ದರೆ ಅಥವಾ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಕೈಬಿಡುತ್ತಿದ್ದರೆ ಸಾಮಾನ್ಯವಾಗಿ ‘ಟೈಮ್ಡ್ ಔಟ್’ ಎಂದು ಬರುತ್ತಿತ್ತು. ‘ರೆಫ್ಯೂಸ್ಡ್’ ಎಂದರೆ ಆ ವಿಳಾಸದಲ್ಲಿ ಯಾವುದೋ ಯಂತ್ರ ಎಚ್ಚರವಾಗಿದೆ, ಆದರೆ ಎಸ್‌ಎಸ್‌ಎಚ್ ಸಾಮಾನ್ಯವಾಗಿ ಬಳಸುವ ಅದರ 22ನೇ ಪೋರ್ಟ್‌ನಲ್ಲಿ (ಸಂಪರ್ಕ ದ್ವಾರದಲ್ಲಿ) ಯಾವ ಸೇವೆಯೂ ನಡೆಯುತ್ತಿಲ್ಲ ಎಂದೇ ಹೆಚ್ಚಿನ ಸಲ ಅರ್ಥ. ಎಸ್‌ಎಸ್‌ಎಚ್ ಸೇವೆ ಪದೇ ಪದೇ ಮರುಪ್ರಾರಂಭವಾಗುತ್ತಿದೆಯೇ ಎಂದು ಸರ್ವರ್‌ನ ಲಾಗ್ (ಘಟನೆಗಳ ದಾಖಲೆ) ತೋರಿಸುವ ಜರ್ನಲ್‌ಸಿಟಿಎಲ್‌ನಲ್ಲಿ ನೋಡಿ.

ಉತ್ತರ 2:
ಲಾಗ್ ಸ್ವಚ್ಛವಾಗಿದ್ದರೆ, ಒಂದೇ ಐಪಿ ವಿಳಾಸವನ್ನು ಎರಡು ಯಂತ್ರಗಳು ಬಳಸುತ್ತಿರಬಹುದೆಂಬುದು ನನ್ನ ಬಲವಾದ ಅನುಮಾನ; ಆಗ ನಿಮ್ಮ ಸಂಪರ್ಕ ಒಮ್ಮೊಮ್ಮೆ ಎಸ್‌ಎಸ್‌ಎಚ್ ಇಲ್ಲದ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಅದೇ ಸ್ಥಳೀಯ ಜಾಲದಲ್ಲಿರುವ ಇನ್ನೊಂದು ಯಂತ್ರಕ್ಕೆ ಲಾಗಿನ್ ಆಗಿ, ಒಂದು ಐಪಿ ವಿಳಾಸ ಯಾರದೆಂದು ಜಾಲದಲ್ಲಿ ಕೇಳುವ ಆರ್ಪಿಂಗ್ ಆದೇಶವನ್ನು ಓಡಿಸಿ. ಒಂದೇ ವಿಳಾಸಕ್ಕೆ ಎರಡು ಮ್ಯಾಕ್ ವಿಳಾಸಗಳಿಂದ (ಜಾಲ ಕಾರ್ಡ್‌ಗಳ ಗುರುತಿನ ಸಂಖ್ಯೆಗಳಿಂದ) ಉತ್ತರ ಬಂದರೆ ಕಾರಣ ಸಿಕ್ಕಂತೆಯೇ. ನಿಮ್ಮ ಕಡೆಯಿಂದ ಓಡಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಆರ್ಪಿಂಗ್ ಬಳಸುವ ಎಆರ್‌ಪಿ ಸಂದೇಶಗಳು ರೂಟರ್ ದಾಟುವುದಿಲ್ಲ.

ಉತ್ತರ 3:
ವಿಳಾಸ ಬದಲಿಸಬೇಕಾಗಿ ಬಂದರೆ ನಿಮ್ಮ ಸಂಪರ್ಕವೇ ಕಡಿದುಹೋಗಬಹುದು. ದಯವಿಟ್ಟು ಆ ಕೆಲಸವನ್ನು ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ಮುಂದುವರಿಸುವ ತಂತ್ರಾಂಶ) ಒಳಗೆ ಮಾಡಿ, ಹತ್ತು ನಿಮಿಷದಲ್ಲಿ ಹಳೆಯ ಸಂರಚನೆ ತಾನಾಗಿಯೇ ಮರಳುವಂತೆ ಮೊದಲೇ ಏರ್ಪಾಡು ಮಾಡಿಕೊಳ್ಳಿ. ಹೊಸ ವಿಳಾಸದಿಂದ ಲಾಗಿನ್ ಆದ ನಂತರವಷ್ಟೇ ಆ ಏರ್ಪಾಡನ್ನು ರದ್ದುಪಡಿಸಿ.