ಅರ್ಜೆಂಟೀನಾ-ಚಿಲಿ ಗಡಿ ಸರೋವರಗಳನ್ನ ಮಧ್ಯಕ್ಕೇ ಸೀಳ್ಕೊಂಡು ಹೋಗಿದ್ಯಲ್ಲ, ಯಾಕೆ?

ನಕಾಶೆಪ್ರಿಯ:
ನಮಸ್ಕಾರ ಎಲ್ರಿಗೂ. ಮಗಳಿಗೆ ಭೂಗೋಳ ಹೇಳ್ಕೊಡ್ತಾ ದಕ್ಷಿಣ ಅಮೆರಿಕದ ಮ್ಯಾಪ್ ಜೂಮ್ ಮಾಡಿ ನೋಡ್ತಿದ್ದೆ. ಅರ್ಜೆಂಟೀನಾ ಚಿಲಿ ಗಡಿ ಮೇಲುಗಡೆ ಆಂಡಿಸ್ ಬೆಟ್ಟದ ನೆತ್ತಿ ಹಿಡ್ಕೊಂಡು ಹೋಗುತ್ತೆ, ಆದ್ರೆ ಕೆಳಗೆ ಪ್ಯಾಟಗೋನಿಯಾಕ್ಕೆ ಬಂದ್ರೆ ಒಂದ್ಸಲ ಪೂರ್ವಕ್ಕೆ ಒಂದ್ಸಲ ಪಶ್ಚಿಮಕ್ಕೆ ಹೊರಳುತ್ತೆ, ದೊಡ್ಡ ದೊಡ್ಡ ಸರೋವರಗಳನ್ನ ಅರ್ಧಕ್ಕೆ ಸೀಳುತ್ತೆ, ಒಂದೇ ಸರೋವರಕ್ಕೆ ಚಿಲಿ ಕಡೆ ಹೆನೆರಾಲ್ ಕರೇರಾ ಅಂತ, ಅರ್ಜೆಂಟೀನಾ ಕಡೆ ಬ್ಯೂನಸ್ ಐರಿಸ್ ಅಂತ ಎರಡು ಹೆಸರು. ಹುಡುಕಿದ್ರೆ 1902ರಲ್ಲಿ ಇಂಗ್ಲೆಂಡ್ ರಾಜ ತೀರ್ಪು ಕೊಟ್ಟ ಅಂತ ಒಂದೇ ಸಾಲು ಸಿಕ್ತು. ಅಷ್ಟು ದೂರದ ರಾಜನಿಗೂ ಆ ಬೆಟ್ಟಕ್ಕೂ ಏನು ಸಂಬಂಧ? ಅವನು ಹೇಳಿದ್ದನ್ನ ಇಬ್ರೂ ಹೇಗೆ ಒಪ್ಕೊಂಡ್ರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಬಾಂದುಕಲ್ಲು:
ಸರ್, ನಾನು ಸರ್ವೆ ಕೆಲಸದಲ್ಲಿ ಇಪ್ಪತ್ತೆರಡು ವರ್ಷ ಹದ್ದುಬಸ್ತು ಮಾಡಿದವನು, ಈ ಕೇಸ್ ಬಗ್ಗೆ ಓದಿದಾಗಿಂದ ತಲೇಲೇ ಕೂತಿದೆ. ಜಗಳದ ಬೇರು 1881ರ ಒಪ್ಪಂದದ ಒಂದು ವಾಕ್ಯ. ಗಡಿ 52ನೇ ಅಕ್ಷಾಂಶದವರೆಗೂ ಆಂಡಿಸ್‌ನ ನೀರು ಬೇರೆ ಮಾಡೋ ಅತಿ ಎತ್ತರದ ಶಿಖರಗಳ ಮೇಲೆ ಹೋಗಬೇಕು ಅಂತ ಬರ್ಕೊಂಡ್ರು. ಉತ್ತರದಲ್ಲಿ ಇದು ಸರಿ ಇತ್ತು, ಎತ್ತರದ ಶಿಖರವೂ ನೀರು ಸೀಳೋ ಏಣೂ ಬಹುತೇಕ ಒಂದೇ. ದಕ್ಷಿಣದಲ್ಲಿ ಎರಡೂ ಬೇರೆ ಬೇರೆ. ಅಲ್ಲಿ ನದಿಗಳು ದೊಡ್ಡ ಬೆಟ್ಟಸಾಲಿನ ಪೂರ್ವಕ್ಕೆ, ಬಯಲಿನ ಅಂಚಲ್ಲಿ ಹುಟ್ಟಿ, ಬೆಟ್ಟಾನೇ ಸೀಳ್ಕೊಂಡು ಪೆಸಿಫಿಕ್ ಸೇರ್ತವೆ.

ನಮ್ಮ ಶರಾವತೀನೇ ನೋಡಿ. ಅಂಬುತೀರ್ಥದಲ್ಲಿ ಘಟ್ಟದ ಮೇಲೆ ಹುಟ್ಟಿ ಹೊಸನಗರ ಸೀಮೆಯೆಲ್ಲ ಹರಿದು ಜೋಗದಲ್ಲಿ ಬಿದ್ದು ಹೊನ್ನಾವರಕ್ಕೆ ಹೋಗುತ್ತೆ. ನೀರು ಪಡುವಣ ಸಮುದ್ರಕ್ಕೆ ಹರಿಯೋ ನೆಲವೆಲ್ಲ ಕರಾವಳಿಗೆ ಅಂದ್ರೆ ಹೊಸನಗರವೇ ಕರಾವಳಿ ಪಾಲು, ಘಟ್ಟದ ಅಂಚೇ ಗಡಿ ಅಂದ್ರೆ ಅದು ಮಲೆನಾಡಲ್ಲೇ ಉಳಿಯುತ್ತೆ. ಚಿಲಿ ಮೊದಲನೇದು ಹಿಡೀತು, ಅರ್ಜೆಂಟೀನಾ ಎರಡನೇದು. ಈ ಎರಡು ಗೆರೆಗಳ ಮಧ್ಯೆ ಸಿಕ್ಕಿಬಿದ್ದ ನೆಲ ಸುಮಾರು 94,000 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಅರ್ಧಕ್ಕೆ ಹತ್ರ ಹತ್ರ.

ಇನ್ನೊಂದು ವಿಷಯ ಹೇಳ್ಲೇಬೇಕು. ಅಲ್ಲಿ ಪೂರ್ವದ ಕಡೆ ನೀರು ತಡೆಯೋದು ಬೆಟ್ಟ ಅಲ್ಲ, ಹಳೇ ಹಿಮನದಿಗಳು ತಂದು ಸುರಿದ ಕಲ್ಲುಮಣ್ಣಿನ ದಿಬ್ಬ ಅಷ್ಟೇ. ಅರ್ಜೆಂಟೀನಾ ಪರ ತಜ್ಞ ಫ್ರಾನ್ಸಿಸ್ಕೊ ಮೊರೆನೊ 1898ರಲ್ಲಿ ಏನ್ಮಾಡಿದ ಅಂದ್ರೆ, ನೀವು ಹೇಳಿದ ಅದೇ ಸರೋವರಕ್ಕೆ ಬೀಳ್ತಿದ್ದ ಫೆನಿಕ್ಸ್ ಅನ್ನೋ ಸಣ್ಣ ನದಿಗೆ ಆ ದಿಬ್ಬದಲ್ಲಿ ಒಂದು ಕಾಲುವೆ ಅಗೆಸಿ ನೀರನ್ನ ದೆಸೆಯಾದೊ ನದಿಗೆ ತಿರುಗಿಸಿದ. ಪೆಸಿಫಿಕ್‌ಗೆ ಹೋಗ್ತಿದ್ದ ನೀರು ಅಟ್ಲಾಂಟಿಕ್ ಕಡೆ ಹೊರಡ್ತು. ಸನಿಕೆ ಹಿಡಿದು ಬದಲಾಯಿಸೋಕೆ ಆಗೋ ಗೆರೆ ಎರಡು ದೇಶದ ಗಡಿ ಆಗೋಕೆ ಸಾಧ್ಯವಾ ಅನ್ನೋದು ಅವನ ವಾದ. ನೆಲದ ಮೇಲೇ ಸಾಕ್ಷಿ ತೋರಿಸಿದ್ದು ಅದು, ನನಗಂತೂ ಭಾರೀ ಇಷ್ಟವಾದ ಭಾಗ.

ಮಲಪ್ರಭಾ ದಂಡಿ:
ಬಾಂದುಕಲ್ಲು ಸರ್ ನೆಲದ ವಿಷಯ ಚೊಲೋ ಹೇಳ್ಯಾರ, ನಾ ಪಂಚಾಯ್ತಿ ಹೆಂಗಾತು ಅಂತ ಹೇಳ್ತೀನ್ರೀ. 1896ರಾಗ ಇಬ್ಬರೂ ನಮ್ಮಿಂದ ಬಗೆಹರಿಲಿಲ್ಲಂದ್ರ ಬ್ರಿಟಿಷ್ ರಾಜಪೀಠ ಹೇಳಿದ್ದು ಒಪ್ತೀವಿ ಅಂತ ಬರದು ಕೊಟ್ರು. 1898ರಾಗ ಎರಡೂ ಕಡೆ ತಜ್ಞರ ಮಾತುಕತಿ ಮುರದು ಬಿತ್ತು, ಕೇಸು ವಿಕ್ಟೋರಿಯಾ ರಾಣಿ ಕಡೆ ಹೋತು, ತೀರ್ಪು ಬರೂದ್ರೊಳಗ ರಾಣಿ ತೀರಿಕೊಂಡ್ಲು, ಮಗ ಏಳನೇ ಎಡ್ವರ್ಡ್ ಕೊಟ್ಟ. ರಾಜ ಅಂದ್ರ ಸಹಿ ಮಾಡಿದಂವ ಅಷ್ಟ, ಕೆಲಸ ಮಾಡಿದವ್ರು ನ್ಯಾಯಾಧೀಶ ಲಾರ್ಡ್ ಮ್ಯಾಕ್‌ನಾಟನ್, ಮಿಲಿಟರಿಯ ಜಾನ್ ಆರ್ಡಾ, ಮತ್ತ ಥಾಮಸ್ ಹೋಲ್ಡಿಚ್.

ಈ ಹೋಲ್ಡಿಚ್ ಯಾರು ಗೊತ್ತೇನ್ರೀ? ಸರ್ವೆ ಆಫ್ ಇಂಡಿಯಾದಾಂವ. ನಮ್ಮ ದೇಶದ ವಾಯವ್ಯ ಗಡಿ, ಅಫಘಾನ್ ಗಡಿ, 1895ರ ಪಾಮೀರ್ ಗಡಿ, ಎಲ್ಲಾ ಕಡೆ ಅಳದು ಬಂದಂವ. ಅಂವನ್ನ 1902ರಾಗ ಪ್ಯಾಟಗೋನಿಯಾಕ್ಕ ಕಳಿಸಿದ್ರು. ಲಂಡನ್‌ದಾಗ ಕುಂತು ಕಾಗದಾ ಓದಿ ಗೆರಿ ಎಳೀಲಿಲ್ಲ, ಕುದುರಿ ಹತ್ತಿ ಹೋಗಿ ಕಣಿವಿ ಕಣಿವಿ ನೋಡಿದ. ನನ್ನ ಲೆಕ್ಕದಾಗ ಈ ತೀರ್ಪು ಉಳದದ್ದಕ್ಕ ದೊಡ್ಡ ಕಾರಣ ಇದ.

ಟ್ರೆವೆಲಿನ್ ಅಂತ ಒಂದು ಊರು ಅದ. 1865ರಾಗ ವೇಲ್ಸ್‌ನಿಂದ ಹಡಗು ಹತ್ತಿ ಅರ್ಜೆಂಟೀನಾದ ಚುಬುಟ್‌ಗೆ ಬಂದ ಮಂದಿಯೊಳಗ ಕೆಲವು ಕುಟುಂಬ ಆಮ್ಯಾಲೆ ಬೆಟ್ಟದ ಬುಡಕ್ಕ ಹೋಗಿ ಹೊಲಾ ಮಾಡ್ಕೊಂಡಿದ್ರು. ಆ ಕಣಿವಿ ನೀರು ಹರಿಯೂದು ಪೆಸಿಫಿಕ್‌ಗೆ, ಅಂದ್ರ ಚಿಲಿ ಲೆಕ್ಕದಾಗ ಅದು ಚಿಲಿ ನೆಲ. 1902ರ ಏಪ್ರಿಲ್ 30ಕ್ಕ ಅಲ್ಲಿ ಒಂದು ಸಾಲಿಯೊಳಗ ಮಂದಿ ಕೂಡಿ, ಹೋಲ್ಡಿಚ್ ಮುಂದ ನಾವು ಅರ್ಜೆಂಟೀನಾದಾಗ ಇರ್ತೀವಿ ಅಂತ ಹೇಳಿದ್ರು. ಕಣಿವಿ ಅರ್ಜೆಂಟೀನಾಕ್ಕ ಉಳೀತು.

ನವೆಂಬರ್ 20ಕ್ಕ ತೀರ್ಪು ಬಂತು. ಚಿಲಿಗೆ ಸುಮಾರು 54,000, ಅರ್ಜೆಂಟೀನಾಕ್ಕ ಸುಮಾರು 40,000 ಚದರ ಕಿಲೋಮೀಟರ್. ಒಪ್ಪಂದದ ಮಾತು ಈ ನೆಲಕ್ಕ ಕೂಡೂದಿಲ್ಲ ಅಂತ ಹೇಳಿ ಇಬ್ಬರ ಗೆರಿನೂ ಪೂರ್ತಿ ತಗೋಲಿಲ್ಲ, ನಡುವ ತಮ್ಮದ ಒಂದು ಗೆರಿ ಎಳದ್ರು. ಅದಕ್ಕ ನಿಮ್ಮ ಸರೋವರ ಎರಡು ಆತು.

ಕಾವೇರಿ ಮಡಿಲು:
ಎಲ್ಲಾ ಸರಿ, ಆದ್ರೆ ಬ್ರಿಟನ್ ಏನೋ ಧರ್ಮರಾಯ ಅನ್ನೋ ಥರ ಓದ್ಕೋಬೇಡಿ ದಯವಿಟ್ಟು. ಅರ್ಜೆಂಟೀನಾದ ರೈಲ್ವೇಲಿ ಅವರ ದುಡ್ಡು, ಚಿಲಿಯ ನೈಟ್ರೇಟಲ್ಲೂ ಅವರ ದುಡ್ಡು, ಇಬ್ರೂ ಹೊಡೆದಾಡಿದ್ರೆ ನಷ್ಟ ಯಾರಿಗೆ? ಎರಡೂ ದೇಶ ಜಿದ್ದಿಗೆ ಬಿದ್ದು ಸಾಲ ಮಾಡಿ ಯುದ್ಧಹಡಗು ಕಟ್ಟಿಸ್ತಿದ್ವು. 1902ರ ಮೇ ತಿಂಗಳ ಒಪ್ಪಂದದಲ್ಲಿ ನೌಕಾಪಡೆ ಬೆಳೆಸೋದು ನಿಲ್ಲಿಸ್ತೀವಿ ಅಂತ ಒಪ್ಕೊಂಡ್ರು, ಆಮೇಲೆ ಕಟ್ತಾ ಇದ್ದ ಹಡಗುಗಳಲ್ಲಿ ಅರ್ಜೆಂಟೀನಾದ ಎರಡು ಜಪಾನಿಗೆ ಹೋದ್ವು, ಚಿಲಿದು ಎರಡು ಬ್ರಿಟನ್ನೇ ಕೊಂಡ್ಕೊಂಡ್ತು. ಅಂದ್ರೆ ತೀರ್ಪು ಬರೋಕೆ ಆರು ತಿಂಗಳು ಮುಂಚೇನೇ ಇಬ್ರಿಗೂ ಜಗಳ ಸಾಕಾಗಿತ್ತು. ಒಪ್ಕೊಂಡಿದ್ದಕ್ಕೆ ನನ್ನ ಪ್ರಕಾರ ಅದೇ ಮುಖ್ಯ ಕಾರಣ.

ಅದೇ ಸಾಮ್ರಾಜ್ಯ ನಮ್ಮ ಮನೇಲಿ ಪಂಚಾಯ್ತಿ ಮಾಡಿದಾಗ ಏನಾಯ್ತು? ಕನ್ನಂಬಾಡಿ ಕಟ್ಟೆಗೆ ಮದ್ರಾಸ್ ತಕರಾರು ಮಾಡ್ದಾಗ ಅಲಹಾಬಾದ್ ಹೈಕೋರ್ಟಿನ ಜಡ್ಜ್ ಗ್ರಿಫಿನ್ ಅವರನ್ನ ಮಧ್ಯಸ್ಥ ಮಾಡಿದ್ರು, 1914ರಲ್ಲಿ ಅವರು ಕೊಟ್ಟ ತೀರ್ಪು ಮೈಸೂರಿಗೆ ಅನುಕೂಲ ಇತ್ತು, ಭಾರತ ಸರ್ಕಾರನೂ ಒಪ್ತು, ಆದ್ರೆ ಮದ್ರಾಸ್ ಲಂಡನ್‌ವರೆಗೂ ಹೋಯ್ತು, ಅಲ್ಲಿ ಭಾರತದ ವ್ಯವಹಾರ ನೋಡ್ಕೊಳ್ತಿದ್ದ ಬ್ರಿಟಿಷ್ ಮಂತ್ರಿ ಆ ತೀರ್ಪನ್ನ ಪಕ್ಕಕ್ಕಿಟ್ರು, ಕೊನೆಗೆ 1924ರ ಒಪ್ಪಂದ. ಮದ್ರಾಸ್ ಅವರದೇ ಪ್ರಾಂತ್ಯ, ಮೈಸೂರು ಅವರ ಕೈಕೆಳಗಿನ ಸಂಸ್ಥಾನ. ಇನ್ನೊಬ್ಬರ ಜಗಳಕ್ಕೆ ಹೋಲ್ಡಿಚ್ ಕುದುರೆ ಹತ್ತಿ ಹೋದ, ನಮ್ಮದರಲ್ಲಿ ಸಿಕ್ಕ ತೀರ್ಪನ್ನೂ ಉಳಿಸ್ಲಿಲ್ಲ. ಮಂಡ್ಯದವನಾಗಿ ಇದನ್ನ ಹೇಳದೆ ಇರೋಕಾಗಲ್ಲ.

ಮಲಪ್ರಭಾ ದಂಡಿ:
ನಿಮ್ಮ ಮಾತು ಖರೇ ಅದ. ಇಬ್ಬರಿಗೂ ಸಾಕಾದಾಗಷ್ಟ ಪಂಚರ ಮಾತು ನಡೀತದ. ಇದಕ್ಕ ಪುರಾವೆ ಅದ ಗಡಿಯೊಳಗ ಅದ ನೋಡ್ರಿ. ಖಂಡದ ದಕ್ಷಿಣ ತುದಿಯೊಳಗಿನ ಬೀಗಲ್ ಜಲಸಂಧಿ ದ್ವೀಪಗಳ ಜಗಳದಾಗ 1977ಕ್ಕ ಮತ್ತ ಬ್ರಿಟಿಷ್ ರಾಣಿ ಹೆಸರಿನ್ಯಾಗ ತೀರ್ಪು ಬಂತು, ಪಿಕ್ಟನ್, ಲೆನಾಕ್ಸ್, ನುಯೆವಾ ಮೂರೂ ಚಿಲಿಗೆ. ಮುಂದಿನ ಜನವರಿಯೊಳಗ ಅರ್ಜೆಂಟೀನಾದ ಮಿಲಿಟರಿ ಸರ್ಕಾರ ಇದು ನಡಿಯೂದಿಲ್ಲ ಅಂತು, 1978ರ ಡಿಸೆಂಬರ್‌ಗೆ ಯುದ್ಧದ ಅಂಚಿಗೆ ಬಂದ್ರು. ಪೋಪ್ ನಡುವ ಬಂದು 1984ಕ್ಕ ಒಪ್ಪಂದ ಆತು, ದ್ವೀಪ ಚಿಲಿಗೇ ಉಳದ್ವು.

ನಕಾಶೆಪ್ರಿಯ:
ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಾಂದುಕಲ್ಲು ಸರ್, 1902ರ ಗೆರೆ ಮೇಲೆ ನಿಜವಾಗ್ಲೂ ಕಲ್ಲು ನೆಟ್ರಾ? ಆ ಗೆರೆ ಬಗ್ಗೆ ಮತ್ತೆ ಜಗಳ ಆಗ್ಲಿಲ್ವಾ?

ಬಾಂದುಕಲ್ಲು:
ನೆಟ್ರು ಸರ್, 1903ರಲ್ಲಿ ಬ್ರಿಟಿಷ್ ಅಧಿಕಾರಿಗಳೇ ಹೋಗಿ ನಂಬರ್ ಹಾಕಿದ ಗಡಿಕಂಬ ನಿಲ್ಲಿಸಿದ್ರು. ಆದ್ರೆ ಕಂಬದಿಂದ ಕಂಬಕ್ಕೆ ತುಂಬಾ ದೂರ, ಮಧ್ಯದ ನೆಲ ಪೂರ್ತಿ ಅಳೆದಿರಲಿಲ್ಲ. 16 ಮತ್ತು 17ನೇ ಕಂಬಗಳ ನಡುವೆ ಎನ್ಕ್ವೆಂತ್ರೊ ಅನ್ನೋ ನದಿಯ ಮೂಲವನ್ನೇ ಮ್ಯಾಪಲ್ಲಿ ತಪ್ಪಾಗಿ ತೋರಿಸಿದ್ರು, ಅದು 1966ರಲ್ಲಿ ಇನ್ನೊಂದು ತೀರ್ಪಿಗೆ ಹೋಯ್ತು. 62ನೇ ಕಂಬದಿಂದ ಫಿಟ್ಜ್‌ರಾಯ್ ಶಿಖರದವರೆಗಿನ ತುಂಡು 1994ರಲ್ಲಿ ಲ್ಯಾಟಿನ್ ಅಮೆರಿಕದವರೇ ಇದ್ದ ನ್ಯಾಯಮಂಡಳಿಯಲ್ಲಿ ಅರ್ಜೆಂಟೀನಾ ಪರ ಆಯ್ತು. ಫಿಟ್ಜ್‌ರಾಯ್‌ನಿಂದ ದಕ್ಷಿಣಕ್ಕೆ ಹಿಮಬಯಲಿನ ಮೇಲೆ ಒಂದು ಭಾಗಕ್ಕೆ ಇವತ್ತಿಗೂ ಗೆರೆ ಎಳೆದಿಲ್ಲ. ಮಗಳಿಗೆ ಅಲ್ಲಿ ಜೂಮ್ ಮಾಡಿ ತೋರಿಸಿ, ಕೆಲವು ಮ್ಯಾಪಲ್ಲಿ ಆ ಜಾಗದಲ್ಲಿ ಗಡಿ ಬದಲು ಒಂದು ಖಾಲಿ ಚೌಕ ಇರುತ್ತೆ.