ರಕ್ತದಲ್ಲಿ ಅಪರೂಪದ ಬ್ಯಾಕ್ಟೀರಿಯಾ: ಜ್ವರ ಬಿಟ್ಟ ಮೇಲೂ ಕರುಳಿನ ಪರೀಕ್ಷೆ ಏಕೆ?

ಪ್ರಶ್ನೆ (ರೋಗಿಯ ಮಗಳು):
ನಮ್ಮ ತಂದೆಯವರಿಗೆ 64 ವರ್ಷ. ಮೂರು ವಾರಗಳಿಂದ ಸಂಜೆಯಾಗುತ್ತಲೇ ಸಣ್ಣಗೆ ಜ್ವರ ಬರುತ್ತಿತ್ತು. ಎರಡು ಬಾರಿ ತೆಗೆದ ರಕ್ತದ ಕಲ್ಚರಿನಲ್ಲಿಯೂ (ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಸ್ಟ್ರೆಪ್ಟೊಕಾಕಸ್ ಗ್ಯಾಲೊಲೈಟಿಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿದೆ. ಪೆನಿಸಿಲಿನ್ ಆರಂಭಿಸಿದ ಮೂರನೆಯ ದಿನ ಜ್ವರ ಬಿಟ್ಟಿತು. ಈಗ ವೈದ್ಯರು ಹೃದಯದ ಎಕೋ (ಸ್ಕ್ಯಾನ್) ಮತ್ತು ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ) ಎರಡನ್ನೂ ಮಾಡಿಸಲೇಬೇಕು ಎನ್ನುತ್ತಿದ್ದಾರೆ. ಹೊಟ್ಟೆನೋವಿಲ್ಲ, ಮಲದಲ್ಲಿ ರಕ್ತ ಕಂಡಿಲ್ಲ. ಹಾಗಾಗಿ ತಂದೆಯವರು ಒಪ್ಪುತ್ತಿಲ್ಲ. ರಕ್ತದ ಸೋಂಕಿಗೂ ಕರುಳಿಗೂ ಏನು ಸಂಬಂಧವೆಂದು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಸೂಕ್ಷ್ಮಜೀವಿಶಾಸ್ತ್ರ ವೈದ್ಯ):
ಕಲ್ಚರ್ ಬಾಟಲಿಯಲ್ಲಿ ಬೆಳವಣಿಗೆಯ ಸೂಚನೆ ಬಂದೊಡನೆ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬ್ಯಾಕ್ಟೀರಿಯಾವನ್ನು ಗುರುತಿಸಲು ‘ಗ್ರಾಂ’ ಎಂಬ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇವೆ. ಇದಾದರೆ ನೇರಳೆ ಮಣಿಗಳನ್ನು ಪೋಣಿಸಿದಂತೆ ಸಾಲಾಗಿ ಕಾಣುತ್ತದೆ. ಬೇರೆ ಬೇರೆಯಾಗಿ ತೆಗೆದ ಎರಡು ಮಾದರಿಗಳಲ್ಲಿಯೂ ಅದೇ ಬೆಳೆದಿರುವಾಗ, ಚರ್ಮದಿಂದ ಸೇರಿಕೊಂಡ ಕಲಬೆರಕೆ ಎಂದು ತಳ್ಳಿಹಾಕುವಂತಿಲ್ಲ.

ಹಿಂದೆ ಸ್ಟ್ರೆಪ್ಟೊಕಾಕಸ್ ಬೋವಿಸ್ ಎನ್ನುತ್ತಿದ್ದ ಗುಂಪಿಗೆ ಸೇರಿದ ಈ ಬ್ಯಾಕ್ಟೀರಿಯಾ ಕೆಲವು ಆರೋಗ್ಯವಂತರ ಕರುಳಿನಲ್ಲಿಯೂ ಇರುತ್ತದೆ. ದೊಡ್ಡ ಕರುಳಿನ ಒಳಪದರದಲ್ಲಿ ಪಾಲಿಪ್ (ಸಣ್ಣ ಗಂಟಿನಂಥ ಬೆಳವಣಿಗೆ) ಅಥವಾ ಕ್ಯಾನ್ಸರ್ ಇದ್ದಾಗ ಅಲ್ಲಿಂದ ರಕ್ತಕ್ಕೆ ನುಸುಳಿ, ಹೃದಯದ ಕವಾಟಕ್ಕೆ ಅಂಟಿಕೊಳ್ಳುವುದು ಇದರ ಸ್ವಭಾವ. ದೊಡ್ಡ ಕರುಳಿನ ಕ್ಯಾನ್ಸರ್ ಇರುವವರ ಮಲದಲ್ಲಿ ಇದು ಇತರರಿಗಿಂತ ಹೆಚ್ಚಾಗಿ ಸಿಗುತ್ತದೆ ಎಂಬುದನ್ನು 1977ರಲ್ಲಿಯೇ ತೋರಿಸಲಾಗಿತ್ತು. ಹಾಗೆಂದು ನಿಮ್ಮ ತಂದೆಯವರಿಗೆ ಕ್ಯಾನ್ಸರ್ ಇದೆಯೆಂದು ಅರ್ಥವಲ್ಲ. ಇದೆಯೋ ಇಲ್ಲವೋ ನೋಡದೆ ಬಿಡಬಾರದು ಎಂದಷ್ಟೇ ಅರ್ಥ. ವರದಿಯಲ್ಲಿ ಉಪಪ್ರಭೇದದ (ಇದೇ ಬ್ಯಾಕ್ಟೀರಿಯಾದ ಒಳಬಗೆಯ) ಹೆಸರನ್ನೂ ಗಮನಿಸಿ: ಪಾಶ್ಚೂರಿಯಾನಸ್ ಆಗಿದ್ದರೆ ಕರುಳಿನ ಕ್ಯಾನ್ಸರಿನ ನಂಟು ಕಡಿಮೆ, ಪಿತ್ತನಾಳದ ಕಡೆಗೂ ನೋಡಬೇಕಾಗುತ್ತದೆ.

ಉತ್ತರ (ಫಿಜಿಶಿಯನ್):
ಮೇಲಿನ ಮಾತು ಸರಿಯಾಗಿದೆ. ಅಪರೂಪದ ಬ್ಯಾಕ್ಟೀರಿಯಾ ರಕ್ತದಲ್ಲಿ ಸಿಕ್ಕಾಗ ಅದು ಯಾವ ಬಾಗಿಲಿನಿಂದ ಬಂತು ಎಂದು ಕೇಳದಿದ್ದರೆ ಚಿಕಿತ್ಸೆ ಅರ್ಧಕ್ಕೇ ನಿಂತಂತೆ. ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಸಿಕ್ಕರೆ ದೊಡ್ಡ ಕರುಳಿನ ಅಥವಾ ರಕ್ತದ ಕ್ಯಾನ್ಸರನ್ನು ಹುಡುಕುತ್ತೇವೆ; ನಾಯಿಯ ಬಾಯಲ್ಲಿರುವ ಕ್ಯಾಪ್ನೊಸೈಟೊಫಾಗಾ ಸಿಕ್ಕರೆ ಸೋಂಕನ್ನು ತಡೆಯಲು ನೆರವಾಗುವ ಗುಲ್ಮವನ್ನು (ಸ್ಪ್ಲೀನ್) ತೆಗೆಸಿದ್ದಾರೆಯೇ ಎಂದು ವಿಚಾರಿಸುತ್ತೇವೆ; ಗಂಟಲುನೋವಿನ ನಂತರ ಯುವಕರ ರಕ್ತದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಕಂಡರೆ ಕುತ್ತಿಗೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸುತ್ತೇವೆ.

ಎಕೋವನ್ನು ಮಾತ್ರ ತಡಮಾಡಬೇಡಿ. ಕವಾಟಕ್ಕೆ ಸೋಂಕು ತಗುಲಿದ್ದರೆ ಸಾಮಾನ್ಯವಾಗಿ ನಾಲ್ಕು ವಾರಗಳಷ್ಟಾದರೂ ರಕ್ತನಾಳದ ಮೂಲಕವೇ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ, ಜ್ವರ ಬಿಟ್ಟಿದೆಯೆಂದು ನಡುವೆ ನಿಲ್ಲಿಸುವಂತಿಲ್ಲ. ಕೊಲೊನೋಸ್ಕೋಪಿಯಲ್ಲಿ ಸಣ್ಣ ಪಾಲಿಪ್ ಕಂಡರೆ ಸಾಮಾನ್ಯವಾಗಿ ಅದನ್ನು ಆಗಲೇ ತೆಗೆಯಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ವರದಿಯಲ್ಲಿ ಉಪಪ್ರಭೇದ ಗ್ಯಾಲೊಲೈಟಿಕಸ್ ಎಂದೇ ಇದೆ. ಎಲ್ಲವನ್ನೂ ತಂದೆಯವರಿಗೆ ಓದಿ ಹೇಳಿದಾಗ, ರಕ್ತ ಕಡಿಮೆಯಿದೆಯೆಂದು ಆರು ತಿಂಗಳಿಂದ ಕಬ್ಬಿಣದ ಮಾತ್ರೆ ನುಂಗುತ್ತಿರುವುದನ್ನು ಅವರೇ ನೆನಪಿಸಿಕೊಂಡರು. ಎಕೋ ನಾಳೆ ಇದೆ, ಕೊಲೊನೋಸ್ಕೋಪಿಗೂ ಒಪ್ಪಿದ್ದಾರೆ.

ಉತ್ತರ (ಫಿಜಿಶಿಯನ್):
ಮಾತ್ರೆಯ ವಿಷಯವನ್ನು ನಾಳೆಯೇ ವೈದ್ಯರಿಗೆ ಹೇಳಿ. ಈ ವಯಸ್ಸಿನ ಪುರುಷರಲ್ಲಿ ಕಬ್ಬಿಣಾಂಶ ಕಡಿಮೆಯಾಗಿದ್ದರೆ, ಕಣ್ಣಿಗೆ ಕಾಣದಂತೆ ಕರುಳಿನಿಂದ ರಕ್ತ ಸೋರುತ್ತಿರುವ ಸಾಧ್ಯತೆಯಿದೆ. ಕೊಲೊನೋಸ್ಕೋಪಿಗೆ ಸುಮಾರು ಒಂದು ವಾರ ಮೊದಲು ಆ ಮಾತ್ರೆಯನ್ನು ನಿಲ್ಲಿಸಲು ಹೇಳುತ್ತಾರೆ. ಇಲ್ಲವಾದರೆ ಕರುಳಿನಲ್ಲಿ ಕಪ್ಪು ಮಲ ಅಂಟಿಕೊಂಡು ಒಳಪದರ ಸರಿಯಾಗಿ ಕಾಣುವುದಿಲ್ಲ.