ಲೂಪ್ ಇಲ್ಲದೆ ಕೈ ಓಡುತ್ತಿಲ್ಲ: ಓದುಗರ ಸ್ಪಂದನ

ಸಮಸ್ಯೆ: ಐದು ವರ್ಷ ಸಿ ಮತ್ತು ಜಾವಾದಲ್ಲಿ ಕೋಡ್ ಬರೆದಿದ್ದೇನೆ. ಈಗ ಎಂ.ಎಸ್ಸಿ.ಯಲ್ಲಿ ಫಂಕ್ಷನಲ್ ಪ್ರೋಗ್ರಾಮಿಂಗ್ (ಲೂಪ್ ಬದಲು ಫಂಕ್ಷನ್‌ಗಳನ್ನು ಜೋಡಿಸಿ ಕೋಡ್ ಬರೆಯುವ ವಿಧಾನ) ತಗೊಂಡು, ಆ ಥರದ ಭಾಷೆಯಾದ ಹ್ಯಾಸ್ಕೆಲ್‌ನಲ್ಲಿ ನಾಲ್ಕು ಸಾಲು ಬರೆಯಲೂ ಒದ್ದಾಡುತ್ತಿದ್ದೇನೆ. ಲೆಕ್ಕದ ಹಂತಗಳನ್ನು ಒಂದಕ್ಕೊಂದು ಜೋಡಿಸುವ ಮೋನಾಡ್ ಅಂತೂ ತಲೆಗೇ ಹತ್ತುತ್ತಿಲ್ಲ. ಈ ವಿಷಯ ಬಿಟ್ಟುಬಿಡಲೇ?

ದಯವಿಟ್ಟು ಬಿಡಬೇಡಿ. ಹೋದ ವರ್ಷ ನನ್ನದೂ ಇದೇ ಪಾಡು. ಹೊಸದಾಗಿ ಕಲಿಯುವವರಿಗಿಂತ ನಮ್ಮಂಥವರಿಗೇ ಇದು ಜಾಸ್ತಿ ಕಷ್ಟ, ಯಾಕೆಂದರೆ ಯಾವ ಲೆಕ್ಕ ಕಂಡರೂ ಕೈ ತಾನಾಗಿ ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲು) ಹುಡುಕುತ್ತದೆ. ನನಗೆ ದಾರಿ ಸಿಕ್ಕಿದ್ದು ಹಾಳೆಯ ಮೇಲೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಫಂಕ್ಷನ್ ಹೆಸರು ಬಂದಲ್ಲೆಲ್ಲ ಅದರ ಅರ್ಥವನ್ನೇ ತಂದಿಟ್ಟು, ಒಂದೊಂದೇ ಸಾಲು ಬಿಡಿಸುತ್ತಾ ಹೋದೆ. [1, 2, 3] ತಗೊಂಡು, ಸೊನ್ನೆಯಿಂದ ಶುರು ಮಾಡಿ, ಕಳೆಯುವ ಲೆಕ್ಕಕ್ಕೆ ಫೋಲ್ಡ್‌ಆರ್ (ಪಟ್ಟಿಯನ್ನು ಬಲಗಡೆಯಿಂದ ಸೇರಿಸುತ್ತಾ ಒಂದೇ ಉತ್ತರ ಮಾಡುವ ಫಂಕ್ಷನ್) ಹಾಕಿ ನೋಡಿ: 1 − (2 − (3 − 0)), ಉತ್ತರ 2. ಅದಕ್ಕೇ ಎಡಗಡೆಯಿಂದ ಸೇರಿಸುವ ಫೋಲ್ಡ್‌ಎಲ್ ಹಾಕಿದರೆ ((0 − 1) − 2) − 3, ಉತ್ತರ −6. ನಮ್ಮ ನೋಟ್ಸ್‌ನಲ್ಲಿ ಇದ್ದದ್ದು ಕೂಡುವ ಲೆಕ್ಕ ಮಾತ್ರ, ಅದರಲ್ಲಿ ಎರಡಕ್ಕೂ 6 ಬರುತ್ತದೆ, ಹಾಗಾಗಿ ಎರಡು ಫಂಕ್ಷನ್ ಯಾಕಿವೆ ಅಂತಲೇ ತಿಂಗಳುಗಟ್ಟಲೆ ಗೊತ್ತಾಗಿರಲಿಲ್ಲ. ಹೀಗೆ ಬಿಡಿಸಲು ಆಗುವುದು ಹ್ಯಾಸ್ಕೆಲ್‌ನಲ್ಲಿ ಒಂದು ಹೆಸರಿಗೆ ಕೊಟ್ಟ ಬೆಲೆ ನಡುವೆ ಬದಲಾಗದ ಕಾರಣಕ್ಕೆ. ಜಾವಾದಲ್ಲಿ ಆ ಧೈರ್ಯ ಇರಲ್ಲ, ಅಲ್ವಾ? ದಿನಕ್ಕೆ ಎರಡು ಲೆಕ್ಕ ಸಾಕು. ಮೂರನೇ ವಾರಕ್ಕೆ ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಕಂಡರೆ ಭಯ ಆಗುತ್ತಿರಲಿಲ್ಲ.
– ಎರಡನೇ ವರ್ಷದ ಎಂ.ಎಸ್ಸಿ. ವಿದ್ಯಾರ್ಥಿನಿ

ನಾನು ಈ ವಿಷಯ ಪಾಠ ಮಾಡುತ್ತೇನೆ. ಮೋನಾಡ್ ಬಗ್ಗೆ ಇಷ್ಟು ಬೇಗ ಕೊರಗಬೇಡಿ. ಹ್ಯಾಸ್ಕೆಲ್‌ನ ಮೊದಲ ಆವೃತ್ತಿ 1990ರಲ್ಲಿ ಬಂದಾಗ ಅದರಲ್ಲಿ ಮೋನಾಡೇ ಇರಲಿಲ್ಲ. ಇನ್‌ಪುಟ್, ಔಟ್‌ಪುಟ್ ಕೆಲಸಕ್ಕೆ ಅದು ಸೇರಿದ್ದು 1996ರ 1.3 ಆವೃತ್ತಿಯಲ್ಲಿ. ಡಬ್ಬಿ, ಪೈಪು ಅಂತ ಹೋಲಿಕೆ ಕೊಡುವ ವಿವರಣೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೇಬಿಯಿಂದ ಶುರು ಮಾಡಿ, ಅಂದರೆ ಉತ್ತರ ಇರಬಹುದು, ಇಲ್ಲದಿದ್ದರೆ ‘ನಥಿಂಗ್’ ಅನ್ನುವ ಬೆಲೆಯಿಂದ. ವಿದ್ಯಾರ್ಥಿಯ ನಂಬರ್‌ನಿಂದ ಗೈಡ್ ಯಾರು ಅಂತ ಹುಡುಕಿ, ಗೈಡ್‌ನಿಂದ ವಿಭಾಗ, ವಿಭಾಗದಿಂದ ಕೊಠಡಿ. ಯಾವ ಹಂತದಲ್ಲಾದರೂ ಏನೂ ಸಿಗದೇ ಹೋಗಬಹುದು. ಮೊದಲು ಇದನ್ನು ಬರೀ ಕೇಸ್ (ಸಿಕ್ಕರೆ ಹೀಗೆ, ಸಿಗದಿದ್ದರೆ ಹಾಗೆ ಅನ್ನುವ ಸಾಲು) ಹಾಕಿ ಬರೆಯಿರಿ. ಒಂದರೊಳಗೆ ಒಂದು ಕೇಸ್ ಸೇರಿ ಕೋಡ್ ಬಲಕ್ಕೆ ಸರಿಯುತ್ತಾ ಹೋಗುತ್ತದೆ, ‘ಸಿಗದಿದ್ದರೆ ನಥಿಂಗ್’ ಅಂತ ಮೂರು ಸಲ ಬರೆದು ನಿಮಗೇ ಬೇಜಾರಾಗುತ್ತದೆ. ಆಗ, ಆ ಮೂರೂ ಕಡೆ ಒಂದೇ ಥರ ಇರುವ ಭಾಗವನ್ನು ಹೊರಗೆ ತೆಗೆದು ಒಂದು ಫಂಕ್ಷನ್ ಮಾಡಿ. ಮೋನಾಡ್‌ನಲ್ಲಿ ಒಂದು ಹಂತವನ್ನು ಮುಂದಿನದಕ್ಕೆ ಜೋಡಿಸುವ ಬೈಂಡ್ ಅನ್ನುವುದು ಅದೇ. ನೀವೇ ಬರೆದಿರುತ್ತೀರಿ.

ಇನ್ನೊಂದು: ಕೋಡ್‌ಗಿಂತ ಮೊದಲು ಟೈಪ್ (ಫಂಕ್ಷನ್‌ಗೆ ಯಾವ ಬಗೆಯ ಬೆಲೆ ಹೋಗಿ ಯಾವ ಬಗೆಯದು ಬರುತ್ತದೆ ಅನ್ನುವುದು) ಬರೆಯಿರಿ. ಗೊತ್ತಾಗದ ಜಾಗದಲ್ಲಿ ಸುಮ್ನೆ ಒಂದು ಅಂಡರ್‌ಸ್ಕೋರ್ ಬಿಟ್ಟರೆ, ಅಲ್ಲಿ ಯಾವ ಟೈಪ್ ಬೇಕು ಅಂತ ಕಂಪೈಲರ್ರೇ ಹೇಳುತ್ತದೆ.
– ಒಬ್ಬ ಉಪನ್ಯಾಸಕ

ನಿಮ್ಮ ಜಾವಾ ದಂಡ ಆಗಲ್ಲ. 2014ರಲ್ಲಿ ಬಂದ ಜಾವಾ 8ರಿಂದ ಅದರಲ್ಲೂ ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಇದೆ, ಲೂಪ್ ಬರೆಯದೆ ಪಟ್ಟಿಯ ಮೇಲೆ ಕೆಲಸ ಮಾಡುವ ಸ್ಟ್ರೀಮ್ ಇದೆ. ಪಟ್ಟಿಯ ಪ್ರತಿಯೊಂದನ್ನೂ ಬದಲಿಸುವ ಮ್ಯಾಪ್, ಬೇಕಾದ್ದನ್ನು ಮಾತ್ರ ಉಳಿಸುವ ಫಿಲ್ಟರ್ ನೀವು ಈಗಾಗಲೇ ಬಳಸಿರುತ್ತೀರಿ, ಹಳೇ ಪ್ರಾಜೆಕ್ಟ್ ತೆರೆದು ನೋಡಿ. ಅದರಲ್ಲಿನ ಒಂದು ಲೂಪ್ ಆರಿಸಿ ಮೊದಲು ಸ್ಟ್ರೀಮ್‌ಗೆ, ಆಮೇಲೆ ಹ್ಯಾಸ್ಕೆಲ್‌ಗೆ ಬದಲಾಯಿಸಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಆ ಕೋಡ್ ಸಮೇತ ಬರೆದು ಕಳಿಸಿ, ಕೂತು ನೋಡೋಣ.
– ಕೋಡ್ ಬರೆಯುವ ಕೆಲಸದಲ್ಲಿರುವ ಓದುಗ